ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಘಾಟಿಯಲ್ಲಿ ಬರುವ ‘ಕಟಕಟ’ ನಿಲ್ಲುತ್ತದೆಯೇ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. 2018ರ ಮಾದರಿಯ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ, 68,000 ಕಿ.ಮೀ. ಓಡಿದೆ. ತಿಂಗಳಿಗೆ ಎರಡು ಸಲ ಉಡುಪಿಗೆ ಹೋಗಿ ಬರುತ್ತೇವೆ. ವಾಪಸು ಬರುವಾಗ ಐದು ಜನ, ಸಾಮಾನು, ಎಸಿ ಎಲ್ಲ ಇದ್ದರೆ ಆಗುಂಬೆ ಘಾಟಿಯಲ್ಲಿ ಎಂಜಿನ್ ಕಟಕಟ ಎನ್ನುತ್ತದೆ. ಬಂಕಿನ ಹುಡುಗ ಪ್ರತಿ ಸಲ ‘ಪ್ರೀಮಿಯಂ ಹಾಕ್ಲಾ ಸಾರ್, ಎಂಜಿನ್ನಿಗೆ ಒಳ್ಳೇದು’ ಅನ್ನುತ್ತಾನೆ. ಪ್ರೀಮಿಯಂ ಹಾಕಿಸಿದ ಮೇಲೆ ಮೈಲೇಜ್ 16ರಿಂದ 19ಕ್ಕೆ ಏರಿತು ಎಂದು ನನ್ನ ಭಾವ ಹೇಳುತ್ತಾರೆ. ಐದು ಸಲಕ್ಕೊಮ್ಮೆ ಹಾಕಿಸಿದರೆ ಸಾಕು ಅನ್ನುತ್ತಾರೆ ಮೆಕ್ಯಾನಿಕ್. ಅಮೆರಿಕದಲ್ಲಿರುವ ಅಣ್ಣ 87 ನಂಬರಿನ ಪೆಟ್ರೋಲನ್ನೇ ಹಾಕಿಸುತ್ತಾನಂತೆ, ಅದು ನಮ್ಮ ಸಾದಾ ಪೆಟ್ರೋಲಿಗಿಂತ ಕಳಪೆಯೇ? ಎಥೆನಾಲ್ ಬೆರೆಸಿದ ಪೆಟ್ರೋಲಿನಿಂದ ಹಳೆಯ ಕಾರು ಹಾಳಾಗುತ್ತದೆ ಎಂಬ ಭಯವೂ ಇದೆ. ಪ್ರೀಮಿಯಂ ಹಾಕಿಸಿದರೆ ಅದರಿಂದ ಪಾರಾಗಬಹುದೇ?

ಉತ್ತರ: ನಿಮ್ಮ ಕಾರಿನ ಕೈಪಿಡಿ ಮನೆಯಲ್ಲಿ ಎಲ್ಲೋ ಇರುತ್ತದೆ. ಇಲ್ಲದಿದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಒಳಗೆ ಅಂಟಿಸಿರುವ ಚೀಟಿ ನೋಡಿ. ಅಲ್ಲಿ ಆಕ್ಟೇನ್ ನಂಬರ್ 91 ಎಂದಿದ್ದರೆ ನೀವು ಪ್ರೀಮಿಯಂ ಪೆಟ್ರೋಲಿಗೆ ದಿನವೂ ಹೆಚ್ಚು ಹಣ ಕೊಡಬೇಕಾಗಿಲ್ಲ. ನೀವು ಹೇಳಿದ ತರಗತಿಯ, ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್‌ಗಳನ್ನು ನಮ್ಮ ದೇಶದ ಸಾದಾ ಪೆಟ್ರೋಲಿಗೆ ಹೊಂದಿಸಿಯೇ ಮಾರುತ್ತಾರೆ. ಆದರೆ ಘಾಟಿಯಲ್ಲಿ ಬರುವ ಶಬ್ದವನ್ನು ಮಾತ್ರ ಅಲಕ್ಷ್ಯ ಮಾಡಬೇಡಿ. ಅದನ್ನು ನಿಲ್ಲಿಸುವ ದಾರಿ ಬಂಕಿನಲ್ಲಿ ಸಿಗುವುದಿಲ್ಲ. ಅರ್ಧ ಭಾಗ ನಿಮ್ಮ ಗೇರಿನ ಕೈಯಲ್ಲಿದೆ, ಉಳಿದರ್ಧ ಮೆಕ್ಯಾನಿಕ್ ಬಳಿ ಇದೆ.

ಆ ಶಬ್ದ ಏನು ಅನ್ನುವುದನ್ನು ಮೊದಲು ತಿಳಿಯೋಣ. ಅದು ಗೊತ್ತಾದರೆ ಆಕ್ಟೇನ್ ಎಂಬ ನಂಬರಿನ ಅರ್ಥ ತಾನಾಗಿ ತಿಳಿಯುತ್ತದೆ.

ಬೇಸಿಗೆಯಲ್ಲಿ ಒಣಗಿದ ಬ್ಯಾಣಕ್ಕೆ ಒಂದು ಮೂಲೆಯಿಂದ ಬೆಂಕಿ ಹಚ್ಚಿದಾಗ ಏನಾಗುತ್ತದೆಂದು ಮಲೆನಾಡಿನವರಾದ ನಿಮಗೆ ಹೇಳಬೇಕಾಗಿಲ್ಲ. ಬೆಂಕಿ ಸಾಲಾಗಿ, ಒಂದೇ ದಿಕ್ಕಿನಲ್ಲಿ ಹುಲ್ಲನ್ನು ಸುಡುತ್ತ ಸಾಗುತ್ತದೆ. ಸಿಲಿಂಡರಿನ ಒಳಗೂ ಹಾಗೆಯೇ ಆಗಬೇಕು. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟಲ್ಲಿಂದ ಬೆಂಕಿಯ ಗೋಡೆ ಶುರುವಾಗಿ, ಒಂದೇ ಸಮ ಹರಡಿ, ಪಿಸ್ಟನ್ನನ್ನು ಕೆಳಕ್ಕೆ ಒತ್ತಬೇಕು. ಆದರೆ ಬೆಂಕಿ ಈ ಕಡೆಯಿಂದ ಬರುತ್ತಿರುವಾಗಲೇ ಆ ಕಡೆಯ ಮೂಲೆಯಲ್ಲಿ ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ಇನ್ನಷ್ಟು ಅದುಮಿಸಿಕೊಂಡು ಬಿಸಿಯೇರುತ್ತದೆ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದಾಗ ಅದರ ಬುಡ ಬಿಸಿಯಾಗುವುದು ಇದೇ ಕಾರಣಕ್ಕೆ. ಕಾವು ಮಿತಿ ಮೀರಿದರೆ ಆ ಮೂಲೆಯ ಮಿಶ್ರಣ ಬೆಂಕಿ ಬಂದು ಮುಟ್ಟುವುದಕ್ಕೆ ಕಾಯದೆ ತಾನೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಗ ಹುಟ್ಟುವ ಒತ್ತಡದ ಅಲೆ ಸಿಲಿಂಡರಿನ ಗೋಡೆಗೆ ಸುತ್ತಿಗೆಯಿಂದ ಹೊಡೆದಂತೆ ಬಡಿಯುತ್ತದೆ. ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ ಕೇಳಿಸುವ ಶಬ್ದ ಅದೇ. ಗ್ಯಾರೇಜಿನಲ್ಲಿ ಇದಕ್ಕೆ ನಾಕಿಂಗ್ ಅನ್ನುತ್ತೇವೆ.

ಈ ಒತ್ತಡಕ್ಕೂ ಕಾವಿಗೂ ಪೆಟ್ರೋಲ್ ಎಷ್ಟರ ಮಟ್ಟಿಗೆ ತಡೆದು ನಿಲ್ಲುತ್ತದೆ ಎಂಬುದನ್ನು ಹೇಳುವ ಅಳತೆಯೇ ಆಕ್ಟೇನ್ ನಂಬರ್. ಐಸೊ-ಆಕ್ಟೇನ್ ಎಂಬ ದ್ರವ ಸುಲಭಕ್ಕೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಅದಕ್ಕೆ 100 ಅಂಕ ಕೊಟ್ಟರು. ನಾರ್ಮಲ್ ಹೆಪ್ಟೇನ್ ಎಂಬುದು ಬಲುಬೇಗ ಹೊತ್ತಿಕೊಳ್ಳುತ್ತದೆ, ಅದಕ್ಕೆ ಸೊನ್ನೆ. 91 ಆಕ್ಟೇನ್ ಪೆಟ್ರೋಲ್ ಎಂದರೆ ಪರೀಕ್ಷೆಯ ಎಂಜಿನ್ನಿನಲ್ಲಿ ಅದು 91 ಪಾಲು ಐಸೊ-ಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ದ್ರವದಷ್ಟೇ ತಾಳಿಕೊಳ್ಳುತ್ತದೆ ಎಂದರ್ಥ. ಇದು ತಾಳಿಕೆಯ ಲೆಕ್ಕ ಮಾತ್ರ. ಒಂದು ಲೀಟರಿನಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ನಂಬರ್ ಜಾಸ್ತಿ, ಹಾಗಾಗಿ ಪವರ್ ಜಾಸ್ತಿ’ ಎಂದು ಬಂಕಿನಲ್ಲಿ ಯಾರಾದರೂ ಹೇಳಿದರೆ ಅದು ತಪ್ಪು. ಎಥೆನಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆಕ್ಟೇನ್ ನಂಬರ್ 108ರ ಆಸುಪಾಸು, ಆದರೆ ಲೀಟರ್ ಲೆಕ್ಕದಲ್ಲಿ ಅದರ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ.

ಹಾಗಿದ್ದರೆ ಹೆಚ್ಚು ಆಕ್ಟೇನ್ ಯಾರಿಗೆ ಬೇಕು? ಮಿಶ್ರಣವನ್ನು ಹೆಚ್ಚು ಅದುಮುವ ಎಂಜಿನ್‌ಗಳಿಗೆ. ಹಿಂದಿನ ಕಾಲದ ಕಾರ್ಬ್ಯುರೇಟರ್ ಕಾರುಗಳಲ್ಲಿ ಮಿಶ್ರಣವನ್ನು ಎಂಟೊಂಬತ್ತು ಪಟ್ಟು ಅದುಮುತ್ತಿದ್ದರು. ಈಗಿನ ಸಣ್ಣ ಕಾರುಗಳಲ್ಲಿ ಅದು ಹತ್ತರಿಂದ ಹನ್ನೆರಡು ಪಟ್ಟು ಇರುತ್ತದೆ. ಟರ್ಬೊ ಇರುವ ಎಂಜಿನ್‌ನಲ್ಲಿ ಗಾಳಿಯನ್ನು ಮೊದಲೇ ಒತ್ತಿ ಒಳಗೆ ತಳ್ಳುವುದರಿಂದ ಕಾವು ಮತ್ತೂ ಹೆಚ್ಚು. ಐರೋಪ್ಯ ಕಂಪನಿಗಳ ದುಬಾರಿ ಕಾರುಗಳ ಮುಚ್ಚಳದೊಳಗೆ 95 ಅಥವಾ 98 ಎಂದು ಬರೆದಿರುವುದು ಇದಕ್ಕಾಗಿ. ಅಂಥ ಕಾರಿನವರು ನನ್ನನ್ನು ಕೇಳಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು: ಕಂಪನಿ 95 ಕೇಳಿದ್ದರೆ 95 ಹಾಕಿಸಿ, ಅಲ್ಲಿ ಉಳಿತಾಯ ನೋಡಬೇಡಿ.

ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದ ಕೂಡಲೇ ಎಂಜಿನ್ ಒಡೆದುಹೋಗುವುದೂ ಇಲ್ಲ. ಈಗಿನ ಎಂಜಿನ್‌ಗಳ ಮೈಗೆ ನಾಕ್ ಸೆನ್ಸರ್ ಎಂಬ ಸಣ್ಣ ಕಿವಿ ಜೋಡಿಸಿರುತ್ತಾರೆ. ಬಡಿತ ಕೇಳಿಸಿದೊಡನೆ ಅದು ಇಸಿಯು ಎಂಬ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಇಸಿಯು ಕಿಡಿ ಕೊಡುವುದನ್ನು ಸ್ವಲ್ಪ ತಡಮಾಡುತ್ತದೆ, ಬಡಿತ ನಿಲ್ಲುತ್ತದೆ. ಅದರ ಬೆಲೆ ಏನೆಂದರೆ ಪಿಕಪ್ ಮತ್ತು ಮೈಲೇಜ್ ಎರಡೂ ಒಂದಿಷ್ಟು ಇಳಿಯುತ್ತವೆ. 95 ಬೇಡುವ ಎಂಜಿನ್ನಿಗೆ 95 ಕೊಟ್ಟಾಗ ‘ಗಾಡಿ ಹಗುರಾಯಿತು’ ಅನ್ನಿಸುವುದು ಇದರಿಂದ. ಕಳೆದುಕೊಂಡದ್ದು ವಾಪಸು ಸಿಕ್ಕಿರುತ್ತದೆ. 91ಕ್ಕೇ ಹೊಂದಿಸಿದ ಎಂಜಿನ್ ಮೊದಲೇ ಏನನ್ನೂ ಕಳೆದುಕೊಂಡಿರುವುದಿಲ್ಲ, ಹಾಗಾಗಿ ವಾಪಸು ಪಡೆಯುವುದಕ್ಕೂ ಏನಿಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2016ರಲ್ಲಿ ಸಾದಾ ಪೆಟ್ರೋಲಿಗೆಂದೇ ಮಾಡಿದ ನಾಲ್ಕು, ಆರು ಮತ್ತು ಎಂಟು ಸಿಲಿಂಡರಿನ ಕಾರುಗಳಿಗೆ ಪ್ರೀಮಿಯಂ ಹಾಕಿ ಪರೀಕ್ಷಿಸಿತು. ಶಕ್ತಿಯಲ್ಲಾಗಲಿ, ಮೈಲೇಜಿನಲ್ಲಾಗಲಿ, ಹೊಗೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೇಕಿಲ್ಲದ ಕಾರಿಗೆ ಪ್ರೀಮಿಯಂ ಹಾಕಿಸಿ ಅಮೆರಿಕದ ಜನ ಒಂದು ವರ್ಷದಲ್ಲಿ 210 ಕೋಟಿ ಡಾಲರಿಗೂ ಹೆಚ್ಚು ಪೋಲು ಮಾಡಿದ್ದಾರೆಂದು ಲೆಕ್ಕ ಕಟ್ಟಿತು. ಮರುವರ್ಷ, ‘ಪ್ರೀಮಿಯಂ ಹಾಕಿದರೆ ಒಳ್ಳೆಯದು’ ಎಂದು ಕಂಪನಿಯೇ ಸಲಹೆ ಮಾಡಿದ ಕಾರುಗಳನ್ನು ಪರೀಕ್ಷಿಸಿದಾಗ ಮೈಲೇಜ್ ಸರಾಸರಿ ಶೇ 2.7, ಶಕ್ತಿ ಸರಾಸರಿ ಶೇ 1.4 ಏರಿತು. ಬೇಕು ಅನ್ನುವ ಕಾರುಗಳಲ್ಲೇ ಇಷ್ಟು!

ಈಗ ನಿಮ್ಮ ಭಾವನವರ 16 ಮತ್ತು 19ರ ವಿಷಯ. ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಅನ್ನುವುದಿಲ್ಲ. ಬಂಕಿನಲ್ಲಿ ಬಂದ ಲೆಕ್ಕವನ್ನೇ ಅವರು ಹೇಳಿರುತ್ತಾರೆ. 300 ಕಿ.ಮೀ. ಓಡಿಸಿದ್ದಾರೆ ಎಂದುಕೊಳ್ಳಿ. 18.75 ಲೀಟರ್ ಹಿಡಿದರೆ ಮೈಲೇಜ್ 16. 15.8 ಲೀಟರ್ ಹಿಡಿದರೆ 19. ಮೂರು ಲೀಟರಿನ ಆಟ ಅದು. ಒಂದು ಬಂಕಿನಲ್ಲಿ ನಾಜಲ್ ಬೇಗ ಕಟ್ಟಾಗುತ್ತದೆ, ಇನ್ನೊಂದರಲ್ಲಿ ಹುಡುಗ ಮೀಟರನ್ನು ಪೂರ್ಣ ರೂಪಾಯಿಗೆ ತರಲು ಮತ್ತೆರಡು ಸಲ ಒತ್ತುತ್ತಾನೆ. ಗಾಡಿ ನಿಂತ ನೆಲ ಒಂದು ಕಡೆ ವಾಲಿದ್ದರೂ ಲೀಟರ್ ಏರುಪೇರಾಗುತ್ತದೆ. ಅದರ ಮೇಲೆ, ಹೊಸದಾಗಿ ದುಬಾರಿ ಪೆಟ್ರೋಲ್ ಹಾಕಿಸಿದವರು ಆ ವಾರ ಗೊತ್ತಿಲ್ಲದೆಯೇ ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇಡುತ್ತಾರೆ. ಮೂವತ್ತು ವರ್ಷಗಳಿಂದ ವರ್ಕ್‌ಶಾಪಿನಲ್ಲಿ ಇದನ್ನು ಕಂಡಿದ್ದೇನೆ. ಮನುಷ್ಯ ಗಮನ ಕೊಟ್ಟು ಓಡಿಸಿದರೆ ಮೈಲೇಜ್ ಏರಿಯೇ ಏರುತ್ತದೆ. ಪೆಟ್ರೋಲ್ ಯಾವುದೇ ಇರಲಿ.

ನಿಜ ತಿಳಿಯಬೇಕಾದರೆ ನೀವೇ ಮಾಡಿನೋಡಿ. ಒಂದೇ ಬಂಕು, ಸಾಧ್ಯವಾದರೆ ಒಂದೇ ಪಂಪು, ನಾಜಲ್ ಮೊದಲ ಸಲ ಕಟ್ಟಾದಾಗಲೇ ನಿಲ್ಲಿಸಬೇಕು. ಸಾದಾ ಪೆಟ್ರೋಲಿನಲ್ಲಿ ನಾಲ್ಕು ಟ್ಯಾಂಕು, ಪ್ರೀಮಿಯಂನಲ್ಲಿ ನಾಲ್ಕು ಟ್ಯಾಂಕು ಓಡಿಸಿ. ಪ್ರೀಮಿಯಂನ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಹಳೆಯದು ಬೆರೆತಿರುತ್ತದೆ. ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಬಂದ ಉತ್ತರವನ್ನು ಬೆಲೆಯ ಪಕ್ಕದಲ್ಲಿಡಿ. ಸಾದಾ ಪೆಟ್ರೋಲ್ ಲೀಟರಿಗೆ ₹103, 95ರ ಪ್ರೀಮಿಯಂ ಅದಕ್ಕಿಂತ ₹8 ಹೆಚ್ಚು ಎಂದು ಹಿಡಿಯೋಣ. ನಿಮ್ಮ ಊರಿನ ಬೆಲೆ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಕೊಟ್ಟ ಹಣ ಬರಿ ಸರಿದೂಗಬೇಕಾದರೂ ಮೈಲೇಜ್ 16ರಿಂದ 17.2ರ ಮೇಲಕ್ಕೆ ಏರಬೇಕು, ಅಂದರೆ ಶೇ 7.8ರಷ್ಟು. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ 62.5 ಲೀಟರ್, ₹500 ಹೆಚ್ಚುವರಿ, ವರ್ಷಕ್ಕೆ ₹6,000. ಆ ದುಡ್ಡಿನಲ್ಲಿ ನಾಲ್ಕು ಪ್ಲಗ್ ಬದಲಿಸಿ, ಏರ್ ಫಿಲ್ಟರ್ ಹಾಕಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಕೈಯಲ್ಲಿ ಉಳಿಯುತ್ತದೆ. ಮೈಲೇಜಿಗೆ ನಿಜವಾಗಿ ಕೆಲಸ ಮಾಡುವವು ಇವು, ಜೊತೆಗೆ ಟೈರಿನ ಗಾಳಿ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಾಗಿಲ್ಲ. ಭಾರತ್ ಸ್ಟೇಜ್ 2 (ಬಿಎಸ್2) ಎಂಬ ಹೊಗೆ ನಿಯಮದ ಕಾಲದಲ್ಲಿ ನಮ್ಮ ಸಾದಾ ಪೆಟ್ರೋಲಿನ ಆಕ್ಟೇನ್ 88 ಇತ್ತು, ಆಮೇಲೆ 91 ಆಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟರು. ಮೊದಲು 84 ಬಂಕುಗಳಲ್ಲಿ ಸಿಗುತ್ತಿದ್ದದ್ದು 2025ರ ಹೊತ್ತಿಗೆ ದೇಶದ ತುಂಬ ಹರಡಿತು. ಎಥೆನಾಲ್ ಬೆರೆತರೆ ಆಕ್ಟೇನ್ ಏರುತ್ತದೆ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಕೊಟ್ಟ ವಿವರಣೆಯ ಪ್ರಕಾರ ಇ20ಯಿಂದಾಗಿ ಸಾದಾ ಪೆಟ್ರೋಲಿನ ಆಕ್ಟೇನ್ 95ರ ಮಟ್ಟಕ್ಕೆ ಬಂದಿದೆ. ಅಂದಮೇಲೆ ಎಕ್ಸ್‌ಪಿ95, ಪವರ್95 ಎಂಬ ಹೆಸರುಗಳಲ್ಲಿರುವ 95 ಎಂಬ ಅಂಕೆಗಾಗಿ ಹೆಚ್ಚು ಹಣ ಕೊಡುವುದರಲ್ಲಿ ಮೊದಲಿದ್ದಷ್ಟು ಅರ್ಥ ಉಳಿದಿಲ್ಲ. ನಿಮ್ಮ ಘಾಟಿಯ ಶಬ್ದಕ್ಕೂ ಇದು ಒಂದು ಸುಳಿವು. ಈಗ ಹಾಕುತ್ತಿರುವ ಪೆಟ್ರೋಲಿನಲ್ಲೇ ಅಷ್ಟು ತಾಳಿಕೆ ಇದ್ದೂ ಎಂಜಿನ್ ಬಡಿಯುತ್ತಿದೆ ಎಂದರೆ ತೊಂದರೆ ಬೇರೆಲ್ಲೋ ಇದೆ.

ಎಲ್ಲಿದೆ? ಮೊದಲು ಗೇರ್. ಸೋಮೇಶ್ವರದಿಂದ ಮೇಲೆ ಹತ್ತುವಾಗ ಹದಿನಾಲ್ಕು ಹಿಮ್ಮುರಿ ತಿರುವುಗಳು. ತಿರುವಿನಲ್ಲಿ ವೇಗ ಇಳಿಯುತ್ತದೆ, ಎದುರಿಗೆ ಬಸ್ಸು ಬಂದರೆ ಇನ್ನೂ ಇಳಿಯುತ್ತದೆ. ಆಮೇಲೆ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರಾ ಒತ್ತಿ ಎಳೆಸುತ್ತೇವೆ. ಎಂಜಿನ್ ನಿಮಿಷಕ್ಕೆ 1,300–1,500 ಸುತ್ತಿನಲ್ಲಿ ಏದುಸಿರು ಬಿಡುತ್ತಿರುತ್ತದೆ. ನಾಕಿಂಗ್‌ಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಸಿಲಿಂಡರಿನ ತುಂಬ ಗಾಳಿ-ಪೆಟ್ರೋಲ್, ಪಿಸ್ಟನ್ ನಿಧಾನ, ಮೂಲೆಯ ಮಿಶ್ರಣಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಲು ಬೇಕಾದಷ್ಟು ಸಮಯ. ಅದೇ ಎರಡನೇ ಗೇರಿಗೆ ಇಳಿಸಿ 2,500–3,000 ಸುತ್ತಿನಲ್ಲಿ ಇಟ್ಟರೆ ಪಿಸ್ಟನ್ ಬೇಗ ಸರಿಯುತ್ತದೆ, ಮಿಶ್ರಣಕ್ಕೆ ಸಮಯ ಸಿಗುವುದಿಲ್ಲ, ಶಬ್ದ ನಿಲ್ಲುತ್ತದೆ. ‘ಎಂಜಿನ್ ಕೂಗುತ್ತದೆ, ಪೆಟ್ರೋಲ್ ಕುಡಿಯುತ್ತದೆ’ ಎಂಬ ಹೆದರಿಕೆಯಿಂದ ನಮ್ಮಲ್ಲಿ ಬಹಳ ಜನ ಗೇರ್ ಇಳಿಸುವುದೇ ಇಲ್ಲ. ಕೂಗುವ ಎಂಜಿನ್ನಿಗಿಂತ ಮೇಲಿನ ಗೇರಿನಲ್ಲಿ ನರಳುವ ಎಂಜಿನ್ನೇ ಬೇಗ ಸವೆಯುತ್ತದೆ. ಡ್ರೈವಿಂಗ್ ಕಲಿಸುವಾಗ ಇದನ್ನು ಯಾಕೆ ಒತ್ತಿ ಹೇಳುವುದಿಲ್ಲವೋ ಎಂದು ನನಗೆ ಪ್ರತಿ ಸಲ ಬೇಸರವಾಗುತ್ತದೆ.

ಹವೆಯದೂ ಪಾಲಿದೆ. ಉಡುಪಿ ಸಮುದ್ರದ ಮಟ್ಟದಲ್ಲಿದೆ, ಗಾಳಿ ದಟ್ಟ, ಜೊತೆಗೆ ಬಿಸಿ. ಘಾಟಿಯ ಬುಡದಲ್ಲಿ ಸಿಲಿಂಡರಿಗೆ ನುಗ್ಗುವ ಗಾಳಿಯೂ ಅದೇ. ಬೆಂಗಳೂರು 900 ಮೀಟರಿಗೂ ಮೇಲಿರುವುದರಿಂದ ಅಲ್ಲಿಯ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿಗೆ ಅಲ್ಲಿ ಆಕ್ಟೇನಿನ ಹಸಿವೂ ಕಡಿಮೆ. ಅದಕ್ಕೇ ಬೆಂಗಳೂರಿನಲ್ಲಿ ಸದ್ದಿಲ್ಲದೆ ಓಡುವ ಕಾರು ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತುವಾಗ ಮಾತ್ರ ಬಡಿಯುವುದುಂಟು. ಅಮೆರಿಕದ ಎತ್ತರದ ಪರ್ವತ ರಾಜ್ಯಗಳಲ್ಲಿ ಅವರ ಲೆಕ್ಕದ 85ರ ಪೆಟ್ರೋಲನ್ನು ಮಾರುವ ರೂಢಿ ಬೆಳೆದದ್ದೂ ಇದೇ ಕಾರಣದಿಂದ.

ಗೇರ್ ಸರಿಮಾಡಿಕೊಂಡ ಮೇಲೂ ಶಬ್ದ ಬಂದರೆ ಮೆಕ್ಯಾನಿಕ್ ಬಳಿ ಹೋಗಿ. 68,000 ಕಿ.ಮೀ. ಓಡಿದ ಎಂಜಿನ್ನಿನ ಒಳಗೆ, ಅದೂ ಊರೊಳಗೆ ಸಣ್ಣಸಣ್ಣ ಓಡಾಟದಲ್ಲೇ ಹೆಚ್ಚು ಬಳಸಿದ್ದರೆ, ಪಿಸ್ಟನ್ನಿನ ತಲೆಯ ಮೇಲೆ ಕಾರ್ಬನ್ ಕಟ್ಟಿರುತ್ತದೆ. ಅದು ಜಾಗ ತಿನ್ನುವುದರಿಂದ ಮಿಶ್ರಣ ಇನ್ನಷ್ಟು ಅದುಮಿಸಿಕೊಳ್ಳುತ್ತದೆ, ಕಾವನ್ನೂ ಹಿಡಿದಿಡುತ್ತದೆ. ಹೊಸದಿದ್ದಾಗ 91ರಲ್ಲಿ ಸುಮ್ಮನಿದ್ದ ಎಂಜಿನ್ ಹಳತಾದಂತೆ ಇನ್ನೂ ಎರಡು ಮೂರು ಅಂಕ ಹೆಚ್ಚು ಕೇಳುವುದು ಹೀಗೆ. ಪ್ಲಗ್‌ಗಳನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ? ಕಂಪನಿ ಹೇಳಿದ ನಂಬರಿನ ಪ್ಲಗ್ಗೇ ಹಾಕಿದ್ದಾರೆಯೇ? ಶಾಖ ಬೇಗ ಬಿಟ್ಟುಕೊಡದ ತಪ್ಪು ಪ್ಲಗ್ ಹಾಕಿದರೆ ಅದರ ತುದಿ ಕೆಂಡದಂತೆ ಕಾದು ಬಡಿತ ತರಿಸುತ್ತದೆ. ಕೂಲೆಂಟ್ ಮಟ್ಟ, ಥರ್ಮೋಸ್ಟಾಟ್, ರೇಡಿಯೇಟರ್ ಫ್ಯಾನ್ ನೋಡಿಸಿ. ಇಂಜೆಕ್ಟರ್ ಕಟ್ಟಿಕೊಂಡು ಪೆಟ್ರೋಲ್ ಕಡಿಮೆ ಬೀಳುತ್ತಿದ್ದರೂ ಮಿಶ್ರಣ ತೆಳುವಾಗಿ ಬಡಿಯುತ್ತದೆ. ನಾಕ್ ಸೆನ್ಸರ್ ಕೆಟ್ಟಿದ್ದರೆ ಎಂಜಿನ್ನಿಗೆ ಕಿವಿಯೇ ಇಲ್ಲದಂತೆ. ಸ್ಕ್ಯಾನರ್ ಹಾಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಒಂದೇ ಬಂಕಿನಲ್ಲಿ ಹಾಕಿಸಿದ ಮೇಲಷ್ಟೇ ಶಬ್ದ ಬರುತ್ತಿದ್ದರೆ ಪೆಟ್ರೋಲನ್ನೇ ಅನುಮಾನಿಸಿ. ನನ್ನದೇ ಕಾರು ಒಮ್ಮೆ ಹೆದ್ದಾರಿಯ ಬಂಕೊಂದರಲ್ಲಿ ಟ್ಯಾಂಕ್ ತುಂಬಿಸಿ ಐವತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಸಮತಟ್ಟು ರಸ್ತೆಯಲ್ಲೂ ಬಡಿಯತೊಡಗಿತು. ಟ್ಯಾಂಕ್ ಖಾಲಿ ಮಾಡಿಸಿ ಬೇರೆ ಕಡೆ ತುಂಬಿಸಿದ ಮೇಲೆ ನಿಂತಿತು. ಅಗ್ಗದ ದ್ರಾವಕ ಬೆರೆಸಿದರೆ ಆಕ್ಟೇನ್ ಕುಸಿಯುತ್ತದೆ. ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಟ್ಟು ನೋಡುವುದು, ಡೆನ್ಸಿಟಿ ಅಳೆದು ಬಂಕಿನವರು ಬರೆದಿಟ್ಟ ಅಂಕಿಯ ಜೊತೆ ತಾಳೆ ನೋಡುವುದು, ಮುದ್ರೆಯೊತ್ತಿದ ಐದು ಲೀಟರಿನ ಪಾತ್ರೆಯಲ್ಲಿ ಅಳತೆ ಹಿಡಿಸುವುದು, ಇವೆಲ್ಲ ಗ್ರಾಹಕರಾಗಿ ನಿಮ್ಮ ಹಕ್ಕು. ಕೇಳಲು ಸಂಕೋಚ ಬೇಡ. ಎಥೆನಾಲ್ ಬೆರೆತಿರುವುದರಿಂದ ಹಳೆಯ ಕಾಲದ ಡೆನ್ಸಿಟಿ ಅಂಕಿ ನೆನಪಿಟ್ಟುಕೊಂಡು ಹೋಲಿಸಬೇಡಿ, ಆ ದಿನ ಬಂಕಿನಲ್ಲಿ ಬರೆದದ್ದರ ಜೊತೆ ಹೋಲಿಸಿ.

ನಿಮ್ಮ ಮೆಕ್ಯಾನಿಕ್ ಹೇಳಿದ ‘ಐದು ಸಲಕ್ಕೊಮ್ಮೆ’ ಎಂಬ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಪ್ರೀಮಿಯಂ ಹೆಸರಿನ ಪೆಟ್ರೋಲಿನಲ್ಲಿ ಆಕ್ಟೇನ್ ಜೊತೆಗೆ ಇಂಜೆಕ್ಟರ್, ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯುವ ಡಿಟರ್ಜೆಂಟ್ ರಾಸಾಯನಿಕಗಳನ್ನೂ ಹೆಚ್ಚಾಗಿ ಬೆರೆಸಿರುತ್ತಾರೆ. ಡಿಟರ್ಜೆಂಟ್ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಇದೆ. ಅದೇ ಎಎಎ 2016ರಲ್ಲಿ 4,000 ಮೈಲಿ ಓಡಿಸಿದಷ್ಟು ಪರೀಕ್ಷೆ ಮಾಡಿದಾಗ, ಡಿಟರ್ಜೆಂಟ್ ಕಡಿಮೆಯಿದ್ದ ಪೆಟ್ರೋಲಿನಲ್ಲಿ ವಾಲ್ವ್‌ಗಳ ಮೇಲೆ ಸರಾಸರಿ 19 ಪಟ್ಟು ಹೆಚ್ಚು ಮಸಿ ಕಟ್ಟಿತ್ತು. ಅಲ್ಲಿ ಗೆದ್ದದ್ದು ಡಿಟರ್ಜೆಂಟ್, ಆಕ್ಟೇನ್ ಅಲ್ಲ. ಹಾಗಾಗಿ ನಾಲ್ಕೈದು ಸಾವಿರ ಕಿಲೋಮೀಟರಿಗೊಮ್ಮೆ ಒಂದು ಟ್ಯಾಂಕ್ ಪ್ರೀಮಿಯಂ ಹಾಕಿಸುವ ಮನಸ್ಸಿದ್ದರೆ ಹಾಕಿಸಿ. 37 ಲೀಟರ್ ಟ್ಯಾಂಕಿಗೆ ಹೆಚ್ಚುವರಿ ಖರ್ಚು ₹300ರ ಒಳಗೆ ಮುಗಿಯುತ್ತದೆ. ಇಂಜೆಕ್ಟರ್ ಇನ್‌ಟೇಕ್ ಕೊಳವೆಯಲ್ಲಿರುವ ನಿಮ್ಮಂಥ ಕಾರಿನಲ್ಲಿ ಪೆಟ್ರೋಲ್ ವಾಲ್ವಿನ ಬೆನ್ನ ಮೇಲೆ ಸುರಿದು ಹೋಗುವುದರಿಂದ ತೊಳೆತ ತಲುಪುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಹೊಸ ಜಿಡಿಐ ಎಂಜಿನ್‌ಗಳಲ್ಲಿ ವಾಲ್ವಿಗೆ ಅದು ತಾಗುವುದೇ ಇಲ್ಲ, ಇಂಜೆಕ್ಟರಿಗೆ ಮಾತ್ರ ಪ್ರಯೋಜನ. ಸೀಸೆಯಲ್ಲಿ ಮಾರುವ ಆಕ್ಟೇನ್ ಬೂಸ್ಟರ್‌ಗಳ ತಂಟೆಗೆ ಹೋಗಬೇಡಿ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ ಮ್ಯಾಂಗನೀಸ್ ಪ್ಲಗ್ ಮೇಲೆ ಕೆಂಪು ಪುಡಿಯಾಗಿ ಕೂರುತ್ತದೆ.

ಆಕ್ಟೇನ್ ಏರಿಸಲು ಹಿಂದೆ ಪೆಟ್ರೋಲಿಗೆ ಸೀಸವನ್ನೇ ಬೆರೆಸುತ್ತಿದ್ದರು. 2000ದ ಫೆಬ್ರವರಿಯಲ್ಲಿ ದೇಶದ ತುಂಬ ಅದು ನಿಂತಿತು. ಶಾಲೆಗೆ ನಡೆದು ಹೋಗುವ ಮಕ್ಕಳ ರಕ್ತಕ್ಕೆ ಸೇರುತ್ತಿದ್ದ ವಿಷ ಅದು. ಒಂದು ನಂಬರಿಗಾಗಿ ನಾವು ತೆತ್ತ ಬೆಲೆ ಎಂಥದ್ದು ಎಂದು ನೆನೆದಾಗಲೆಲ್ಲ, ಬೇಕಿಲ್ಲದ ಕಡೆ ಆ ನಂಬರಿನ ಹಿಂದೆ ಬೀಳಬಾರದು ಅನ್ನಿಸುತ್ತದೆ.

ಅಣ್ಣನ 87 ಕಳಪೆಯಲ್ಲ. ಆಕ್ಟೇನ್ ಅಳೆಯಲು ಎರಡು ಪರೀಕ್ಷೆಗಳಿವೆ. 600 ಸುತ್ತಿನಲ್ಲಿ, ಹಗುರ ಸ್ಥಿತಿಯಲ್ಲಿ ಮಾಡುವುದು ರಿಸರ್ಚ್ ಪರೀಕ್ಷೆ. 900 ಸುತ್ತಿನಲ್ಲಿ, ಮಿಶ್ರಣವನ್ನು ಮೊದಲೇ ಬಿಸಿಮಾಡಿ ಮಾಡುವುದು ಮೋಟಾರ್ ಪರೀಕ್ಷೆ, ಅದರಲ್ಲಿ ಅಂಕ ಕಡಿಮೆ ಬರುತ್ತದೆ. ಭಾರತ, ಯೂರೋಪು, ಕೊಲ್ಲಿ ದೇಶಗಳಲ್ಲಿ ಹೇಳುವುದು ರಿಸರ್ಚ್ ಅಂಕ. ಅಮೆರಿಕದವರು ಎರಡರ ಸರಾಸರಿ ಬರೆಯುತ್ತಾರೆ. ಅವರ 87 ನಮ್ಮ ಲೆಕ್ಕದ 91–92ಕ್ಕೆ ಸಮ. ಸೌದಿಯಲ್ಲಿ 91 ಮತ್ತು 95, ದುಬೈಯಲ್ಲಿ 91, 95, 98 ಸಿಗುತ್ತವೆ, ಅವನ್ನು ನಮ್ಮ ಅಂಕೆಗೆ ನೇರವಾಗಿ ಹೋಲಿಸಬಹುದು.

ಎಥೆನಾಲ್ ಭಯದ ಬಗ್ಗೆ ಬಿಡಿಸಿ ಹೇಳಬೇಕು. ನಿಮ್ಮದು 2018ರ ಕಾರು, ಇ20ಗೆ ತಕ್ಕ ಸಾಮಗ್ರಿ ಬಳಸಿ ಕಾರು ಮಾಡತೊಡಗಿದ್ದು 2023ರ ಏಪ್ರಿಲಿನಿಂದ. ಹಾಗಾಗಿ ನಿಮ್ಮ ಚಿಂತೆ ನ್ಯಾಯವಾದದ್ದೇ. ಮೈಲೇಜ್ ಇಳಿಯುತ್ತದೆಯೇ? ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯಲ್ಲೇ, ಎಥೆನಾಲ್ ಇಲ್ಲದ ಪೆಟ್ರೋಲಿಗೆ ರೂಪಿಸಿ ಇ10ಗೆ (ಶೇ 10 ಎಥೆನಾಲ್) ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಶೇ 6–7ರಷ್ಟು ಇಳಿಯಬಹುದು ಎಂದಿದೆ. ನಿಮ್ಮ ಮೈಲೇಜ್ ಮೊದಲಿಗಿಂತ ಕಡಿಮೆ ಬರುತ್ತಿದ್ದರೆ ಒಂದು ಕಾರಣ ಇದೇ. ಆದರೆ ಪ್ರೀಮಿಯಂ 95 ಹಾಕಿಸಿ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದರಲ್ಲೂ ಎಥೆನಾಲ್ ಇದೆ. ಎಥೆನಾಲ್ ಇಲ್ಲವೆಂದು ಜನ ಹುಡುಕಿಕೊಂಡು ಹೋಗುವುದು ಎಕ್ಸ್‌ಪಿ100ನಂಥ 100 ಆಕ್ಟೇನ್ ಪೆಟ್ರೋಲನ್ನು. 2020ರ ಡಿಸೆಂಬರಿನಲ್ಲಿ ಬಂದ ಅದರ ಬೆಲೆ ಲೀಟರಿಗೆ ₹160ರ ಸುಮಾರಿನಲ್ಲಿದೆ, ದೊಡ್ಡ ಊರುಗಳ ಆಯ್ದ ಬಂಕುಗಳಲ್ಲಿ ಮಾತ್ರ ಸಿಗುತ್ತದೆ. ಆರೇಳು ಶೇಕಡ ಉಳಿಸಲು ಐವತ್ತು ಶೇಕಡ ಹೆಚ್ಚು ಕೊಡುವ ವ್ಯವಹಾರ ನಿಮಗೆ ಬೇಡ.

ಅದರ ಬದಲು ರಬ್ಬರ್ ಭಾಗಗಳ ಮೇಲೆ ಕಣ್ಣಿಡಿ. ಹಳೆಯ ಗಾಡಿಗಳಲ್ಲಿ ಇ20 ಹಾಕಿ 20,000–30,000 ಕಿ.ಮೀ. ಓಡಿಸಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದೆಂದು ಸಚಿವಾಲಯವೂ ಹೇಳಿದೆ. ಪ್ರತಿ ಸರ್ವಿಸಿನಲ್ಲೂ ಪೆಟ್ರೋಲ್ ಪೈಪು, ಓ-ರಿಂಗ್‌ಗಳು ಉಬ್ಬಿವೆಯೇ, ಬಿರಿದಿವೆಯೇ ಎಂದು ಟಾರ್ಚ್ ಹಿಡಿದು ನೋಡಿಸಿ. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಅಂದೇ ತೋರಿಸಿ, ನಾಳೆಗೆ ಬಿಡಬೇಡಿ. ಎಥೆನಾಲ್ ತೇವವನ್ನು ಎಳೆದುಕೊಳ್ಳುತ್ತದೆ, ನಿಮ್ಮ ಮಳೆಗಾಲವೋ ದೊಡ್ಡದು. ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಖಾಲಿ ಜಾಗ ಕಡಿಮೆಯಿದ್ದಷ್ಟೂ ತೇವಕ್ಕೆ ಅವಕಾಶ ಕಡಿಮೆ. ಮನೆಯಲ್ಲಿ ಕಾರ್ಬ್ಯುರೇಟರ್ ಇರುವ ಹಳೆಯ ಬೈಕಿದ್ದರೆ ಅದನ್ನು ವಾರಕ್ಕೊಮ್ಮೆಯಾದರೂ ಓಡಿಸಿ.

ಡೀಸೆಲ್ ಕಾರಿನವರೂ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಆಕ್ಟೇನ್ ಮಾತೇ ಬರುವುದಿಲ್ಲ, ಸೀಟೇನ್ ಎಂಬ ಬೇರೆ ಅಳತೆ ಇದೆ. ಬಿಎಸ್6 ಡೀಸೆಲಿಗೆ ಕನಿಷ್ಠ 51 ಕಡ್ಡಾಯ, ನಮ್ಮ ರಸ್ತೆಯ ಕಾರುಗಳಿಗೆ ಅಷ್ಟು ಸಾಕು.

ಮುಂದಿನ ಸಲ ಉಡುಪಿಯಿಂದ ಬರುವಾಗ ಹೀಗೆ ಮಾಡಿ. ಹೆಬ್ರಿಯಲ್ಲಿ ನಿಂತು ಐದು ನಿಮಿಷ ದಣಿವಾರಿಸಿಕೊಳ್ಳಿ. ಮೊದಲ ತಿರುವಿಗೆ ಮುಂಚೆಯೇ ಎರಡನೇ ಗೇರಿಗೆ ಇಳಿಸಿ, ಮೇಲಿನವರೆಗೂ ಎಂಜಿನ್ 2,500 ಸುತ್ತಿನ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಟ್ಯಾಂಕಿನಲ್ಲಿ ಸಾದಾ ಪೆಟ್ರೋಲೇ ಇರಲಿ. ಹಾಗೆ ಹತ್ತಿದ ಮೇಲೂ ಕಟಕಟ ಕೇಳಿಸಿದರೆ ಎಷ್ಟನೇ ತಿರುವು, ಯಾವ ಗೇರ್, ಎಸಿ ಇತ್ತೇ ಇಲ್ಲವೇ ಎಂದು ಪಕ್ಕದಲ್ಲಿ ಕೂತವರಿಂದ ಬರೆಸಿಟ್ಟುಕೊಳ್ಳಿ. ನಾಲ್ಕೂ ಪ್ಲಗ್ ಬಿಚ್ಚಿಸಿ, ತುದಿ ಕಾಣುವ ಹಾಗೆ ಸಾಲಾಗಿಟ್ಟು ಫೋಟೊ ತೆಗೆದು ಕಳಿಸಿ. ಮಸಿ ಕಪ್ಪಗಿದೆಯೋ, ಬೂದಿಯಂತೆ ಬಿಳಿಚಿದೆಯೋ ನೋಡಿ ಮುಂದಿನದನ್ನು ಹೇಳುತ್ತೇನೆ.